ಸಾಬೂನು ಒಂದೇ, ಕಪಾಟು ಎರಡು: ಮೈಸೂರು ಸ್ಯಾಂಡಲ್ ವಿವಾದದ ಒಳಗೇನಿದೆ?

2025ರ ಮೇ 22ರಂದು ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ, ಅಂದರೆ ಕೆಎಸ್‌ಡಿಎಲ್, ತನ್ನ ಮೈಸೂರು ಸ್ಯಾಂಡಲ್ ಉತ್ಪನ್ನಗಳ ಪ್ರಚಾರ ರಾಯಭಾರಿಯಾಗಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ ನೇಮಿಸಿಕೊಳ್ಳಲು ಅದು ಅನುಮತಿ ಕೊಟ್ಟಿತ್ತು. ಸಂಭಾವನೆ ₹6.20 ಕೋಟಿ. ಟೆಂಡರ್ ಕರೆಯದೆ ನೇರವಾಗಿ ಆಯ್ಕೆ ಮಾಡಿಕೊಳ್ಳಲು ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯಿಂದ ವಿನಾಯಿತಿಯನ್ನೂ ನೀಡಲಾಗಿತ್ತು. ಆದೇಶದ ಪ್ರತಿ ಮೊಬೈಲ್‌ಗಳಲ್ಲಿ ಹರಿದಾಡಿದ ಕೆಲವೇ ಗಂಟೆಗಳಲ್ಲಿ, ಕನ್ನಡದ ನಟಿಯರನ್ನು ಬಿಟ್ಟು ಹೊರರಾಜ್ಯದ ನಟಿಯನ್ನು ಆರಿಸಿದ್ದೇಕೆ ಎಂದು ಕನ್ನಡ ಸಂಘಟನೆಗಳು ಸಿಡಿದೆದ್ದವು. ಮೈಸೂರು ರಾಜವಂಶದ ಸಂಸದ ಯದುವೀರ್ ಒಡೆಯರ್ ಆಕ್ಷೇಪಿಸಿದರು. ಕೈಗಾರಿಕಾ ಸಚಿವ ಎಂ.ಬಿ. ಪಾಟೀಲ ಸಮರ್ಥನೆಗೆ ನಿಂತರು.

ಈ ಜಗಳವನ್ನು ಹೊರಗಿನಿಂದ ನೋಡಿದವರಿಗೆ ಒಂದು ಗೊಂದಲ ಉಳಿದೇ ಇದೆ. ಸಾಬೂನಿನ ಜಾಹೀರಾತಿನಲ್ಲಿ ನಟಿಯರು ಕಾಣಿಸಿಕೊಳ್ಳುವುದು ಹೊಸದಲ್ಲ. ನಾವು ದಿನವೂ ಬಳಸುವ ಇತರ ಸಾಬೂನುಗಳ ರೂಪದರ್ಶಿ ಯಾವ ಊರಿನವರೆಂದು ಯಾರೂ ವಿಚಾರಿಸುವುದಿಲ್ಲ. ಮೈಸೂರು ಸ್ಯಾಂಡಲ್‌ನಲ್ಲಿ ಗಂಧದೆಣ್ಣೆ ಕಡಿಮೆಯಾಗಿಲ್ಲ, ಅದರ ಆಕಾರ ಬದಲಾಗಿಲ್ಲ, ಪೆಟ್ಟಿಗೆಯ ಮೇಲಿನ ಶರಭದ ಲಾಂಛನವೂ ಅಲ್ಲೇ ಇದೆ. ವಸ್ತು ಇದ್ದಂತೆಯೇ ಇರುವಾಗ ಇಷ್ಟೊಂದು ಜನರಿಗೆ ಏನೋ ಕಳೆದುಹೋಯಿತು ಎನ್ನಿಸಿದ್ದು ಏಕೆ? ಅದನ್ನು ಬರಿಯ ಭಾಷಾಭಿಮಾನದ ಅತಿರೇಕ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ವಸ್ತುವಿನ ಅರ್ಥ ಎಲ್ಲಿ ನೆಲೆಸಿರುತ್ತದೆ ಎಂಬ ಹಳೆಯ ಪ್ರಶ್ನೆಯನ್ನು ಎತ್ತಿಕೊಳ್ಳದೆ ಈ ವಿವಾದ ಬಿಡಿಸಿಕೊಳ್ಳುವುದಿಲ್ಲ.

ಒಂದೇ ವಾರದ ಮೂರು ಸುದ್ದಿಗಳು

ಆ ವಾರದ ಪತ್ರಿಕೆಗಳನ್ನು ಮತ್ತೊಮ್ಮೆ ತೆರೆದು ನೋಡಬೇಕು. ಸಾಬೂನಿನ ಸುದ್ದಿಗೆ ಒಂದೆರಡು ದಿನ ಮೊದಲು, ಬೆಂಗಳೂರಿನ ಹೊರವಲಯದ ಚಂದಾಪುರದಲ್ಲಿ ಬ್ಯಾಂಕ್ ಅಧಿಕಾರಿಯೊಬ್ಬರು ಗ್ರಾಹಕರೊಂದಿಗೆ ಕನ್ನಡ ಮಾತನಾಡುವುದಿಲ್ಲ ಎಂದು ಹಟ ಹಿಡಿದ ದೃಶ್ಯ ಹರಡಿ, ಮುಖ್ಯಮಂತ್ರಿಯವರೇ ಪ್ರತಿಕ್ರಿಯಿಸಬೇಕಾಗಿ ಬಂದಿತ್ತು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಭಾರತ-ಪಾಕಿಸ್ತಾನ ಸೇನಾ ಸಂಘರ್ಷದ ಬೆನ್ನಲ್ಲೇ, ಜೈಪುರದ ಸಿಹಿತಿನಿಸಿನ ಅಂಗಡಿಯೊಂದು ‘ಮೈಸೂರು ಪಾಕ್’ ಎಂಬ ಹೆಸರನ್ನು ‘ಮೈಸೂರು ಶ್ರೀ’ ಎಂದು ಬದಲಾಯಿಸಿತು. ಮೂರನೆಯದು ಸಾಬೂನು.

ಈ ಮೂರೂ ಸುದ್ದಿಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಓದುಗರ ಕಣ್ಣಿಗೆ ಅವು ಒಂದೇ ಸಾಲಿನಲ್ಲಿ ಬಿದ್ದವು. ಬ್ಯಾಂಕಿನಲ್ಲಿ ಕನ್ನಡ ಬೇಡ, ತಿಂಡಿಗೆ ಇಟ್ಟ ಹೆಸರು ಬೇಡ, ಕೊನೆಗೆ ನಮ್ಮದೇ ಸರ್ಕಾರದ ಸಾಬೂನಿಗೂ ಕನ್ನಡದ ಮುಖ ಬೇಡ ಎಂಬ ಕ್ರಮದಲ್ಲಿ ಅವನ್ನು ಓದಿಕೊಳ್ಳಲಾಯಿತು. ನೇಮಕದ ಆದೇಶ ಬೇರೊಂದು ತಿಂಗಳಲ್ಲಿ ಬಂದಿದ್ದರೆ ಅದರ ಅರ್ಥ ಬೇರೆಯೇ ಆಗಿರುತ್ತಿತ್ತು. ಇದೇ ಮೈಸೂರು ಸ್ಯಾಂಡಲ್‌ಗೆ 2006ರಲ್ಲಿ ರಾಂಚಿಯ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ರಾಯಭಾರಿಯಾಗಿದ್ದರು. ಆ ಒಪ್ಪಂದ ಮುಂದೆ ಷರತ್ತುಗಳ ತಕರಾರಿನಲ್ಲಿ ಮುರಿದುಬಿತ್ತು. ಹೊರರಾಜ್ಯದ ಖ್ಯಾತನಾಮರನ್ನು ಹಣ ಕೊಟ್ಟು ಕರೆತಂದ ಆ ನಡೆಗೂ ಈ ನಡೆಗೂ ಕಾಗದದ ಮೇಲೆ ಹೆಚ್ಚಿನ ಅಂತರವಿಲ್ಲ. ಆದರೆ 2006ರಲ್ಲಿ ಅದರ ಅಕ್ಕಪಕ್ಕ ಇದ್ದ ಸುದ್ದಿಗಳು ಬೇರೆ, 2025ರಲ್ಲಿ ಇದ್ದವು ಬೇರೆ.

ಭಾಷೆ ಕಲಿಸುವ ಪಾಠ

ಪಕ್ಕದಲ್ಲಿ ಏನಿದೆ ಎಂಬುದರಿಂದಲೇ ಅರ್ಥ ಹುಟ್ಟುತ್ತದೆ ಎಂದು ಅತ್ಯಂತ ಖಚಿತವಾಗಿ ಹೇಳಿದವರು ಸ್ವಿಟ್ಜರ್ಲೆಂಡಿನ ಭಾಷಾಶಾಸ್ತ್ರಜ್ಞ ಫರ್ಡಿನಾಂಡ್ ದ ಸಸ್ಯೂರ್ (1857-1913). ಅವರು 1907ರಿಂದ 1911ರವರೆಗೆ ಜಿನೀವಾದಲ್ಲಿ ನೀಡಿದ ಉಪನ್ಯಾಸಗಳನ್ನು, ಅವರು ತೀರಿಕೊಂಡ ಮೇಲೆ, ಶಿಷ್ಯರ ಟಿಪ್ಪಣಿಗಳ ಆಧಾರದಲ್ಲಿ ಪುಸ್ತಕವಾಗಿ ಹೊಂದಿಸಿ 1916ರಲ್ಲಿ ಪ್ರಕಟಿಸಲಾಯಿತು. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಹುಟ್ಟಿದ್ದೂ ಅದೇ 1916ರಲ್ಲಿ. ಇದು ಬರಿಯ ಕಾಕತಾಳೀಯ, ಆದರೂ ನೆನಪಿಡಲು ಅನುಕೂಲ.

ಸಸ್ಯೂರರ ಮಾತಿನ ತಿರುಳು ಇಷ್ಟು: ಭಾಷೆಯಲ್ಲಿ ಯಾವ ಪದಕ್ಕೂ ತನ್ನಷ್ಟಕ್ಕೆ ತಾನೇ ಅರ್ಥವಿಲ್ಲ. ಉಳಿದ ಪದಗಳಿಂದ ಅದು ಎಷ್ಟು ಬೇರೆ, ಹೇಗೆ ಬೇರೆ ಎಂಬುದೇ ಅದರ ಅರ್ಥದ ಮೂಲ. ‘ಹಾಲು’ ಎಂಬ ಧ್ವನಿಯಲ್ಲಿ ಬಿಳುಪಾಗಲಿ ರುಚಿಯಾಗಲಿ ಇಲ್ಲ. ಅದು ಹಾಳು ಅಲ್ಲ, ಹಾಡು ಅಲ್ಲ, ಕಾಲು ಅಲ್ಲ ಎಂಬುದಷ್ಟೇ ಅದನ್ನು ಹಾಲಾಗಿ ಉಳಿಸಿದೆ. ಲ ಮತ್ತು ಳ ನಡುವಿನ ಅಂತರವನ್ನು ಕನ್ನಡದ ಕಿವಿ ಗಟ್ಟಿಯಾಗಿ ಹಿಡಿದುಕೊಂಡಿರುವುದರಿಂದ ಹಾಲು ಮತ್ತು ಹಾಳು ಎರಡು ಪದಗಳು. ಶಿಷ್ಟ ಹಿಂದಿಯಲ್ಲಿ ಈ ಅಂತರವಿಲ್ಲ. ಆ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿದರೆ ಅದು ಕಿವಿಯ ದೋಷವಲ್ಲ. ಆ ಭಾಷೆ ಅಲ್ಲಿ ಗೆರೆ ಎಳೆದುಕೊಂಡಿಲ್ಲ, ಅಷ್ಟೇ.

ಧ್ವನಿಯಿಂದ ಒಂದು ಹೆಜ್ಜೆ ಮೇಲೇರಿದರೆ ‘ನೀನು’ ಎಂಬ ಪದ ಇನ್ನೂ ಹೆಚ್ಚು ಹೇಳುತ್ತದೆ. ಅದರಲ್ಲಿ ಸಲುಗೆಯೂ ಇಲ್ಲ, ಅವಮಾನವೂ ಇಲ್ಲ. ಆದರೆ ಪಕ್ಕದಲ್ಲಿ ‘ನೀವು’ ಇದೆ, ‘ತಾವು’ ಇದೆ. ‘ನೀವು’ ಎನ್ನಬಹುದಾದ ಕಡೆ ‘ನೀನು’ ಎಂದಾಗ, ಆರಿಸದೆ ಬಿಟ್ಟ ಪದವೇ ಕೇಳುವವರನ್ನು ಚುಚ್ಚುತ್ತದೆ. ತಾಯಿಯನ್ನು ‘ನೀನು’ ಎಂದು ಕರೆಯುವ ಮಗ ಒಂದು ದಿನ ‘ನೀವು’ ಎಂದರೆ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ಅರ್ಥ. ಆಡಿದ ಮಾತಿನಷ್ಟೇ ಆಡದ ಮಾತಿಗೂ ತೂಕವಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಸಾಬೂನಿನ ವಿವಾದದಲ್ಲಿ ತಮನ್ನಾ ಎಂಬ ಹೆಸರಿಗಿಂತ ಆರಿಸದೆ ಬಿಟ್ಟ ಹೆಸರುಗಳೇ ಹೆಚ್ಚು ಸದ್ದು ಮಾಡಿದ್ದು ಇದೇ ಕಾರಣಕ್ಕೆ.

ಜೈಪುರದ ತಿಂಡಿಯ ಕಥೆಯೂ ಹೀಗೆಯೇ ಬಿಡಿಸಿಕೊಳ್ಳುತ್ತದೆ. ಸಕ್ಕರೆ ಪಾಕ, ಬೆಲ್ಲದ ಪಾಕ, ಎಳೆಪಾಕ ಎನ್ನುವ ಸಾಲಿನಲ್ಲಿ ‘ಪಾಕ’ ಅಡುಗೆಮನೆಯ ಪದ. ಹಿಂದಿಯ ಉಚ್ಚಾರಣೆಯಲ್ಲಿ ಕೊನೆಯ ಅಕಾರ ಉದುರಿ ಅದು ‘ಪಾಕ್’ ಆಗುತ್ತದೆ. ಸುದ್ದಿವಾಹಿನಿಗಳ ಶೀರ್ಷಿಕೆಗಳಲ್ಲಿ ‘ಪಾಕ್’ ಎಂದರೆ ನೆರೆಯ ದೇಶ. ಎರಡು ಪದಗಳನ್ನು ಬೇರ್ಪಡಿಸಿದ್ದ ಒಂದು ಸ್ವರ ಅಳಿಸಿಹೋದಾಗ, ಯುದ್ಧದ ದಿನಗಳಲ್ಲಿ ಬಲವಾದ ಅರ್ಥ ಮೆದುವಾದ ಅರ್ಥವನ್ನು ನುಂಗಿತು. ನಾವೂ ‘ಮೈಸೂರು ಪಾಕ್’ ಎಂದೇ ಹೇಳುತ್ತೇವೆ. ಆದರೂ ನಮಗೆ ಗೊಂದಲವಾಗುವುದಿಲ್ಲ, ಏಕೆಂದರೆ ಮನೆಯೊಳಗೆ ಪಾಕದ ಉಳಿದ ಬಂಧುಗಳೆಲ್ಲ ಇನ್ನೂ ಬಳಕೆಯಲ್ಲಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ತಿಂಡಿಯೊಂದು ನೆಂಟರಿಲ್ಲದ ಊರಿನಲ್ಲಿ ತನ್ನ ಹೆಸರಿನ ಅರ್ಥ ಕಳೆದುಕೊಂಡಿತು.

ಸಾಬೂನುಗಳೂ ಒಂದು ಭಾಷೆಯಂತೆ

ಪದಗಳಿಗೆ ಅನ್ವಯಿಸುವುದು ಪದಾರ್ಥಗಳಿಗೂ ಅನ್ವಯಿಸುತ್ತದೆ ಎಂದು ತೋರಿಸಿದವರು ಫ್ರಾನ್ಸಿನ ಚಿಂತಕರು. ರೋಲಾಂ ಬಾರ್ತ್ 1950ರ ದಶಕದಲ್ಲಿ ಬಟ್ಟೆ ಒಗೆಯುವ ಪುಡಿಗಳ ಜಾಹೀರಾತುಗಳನ್ನೇ ಹಿಡಿದು ವಿಶ್ಲೇಷಿಸಿದರು. ಎರಡು ಪುಡಿಗಳು ಬಿಳುಪಿನ ಬಗ್ಗೆ, ನೊರೆಯ ಬಗ್ಗೆ ಹೇಗೆ ಬೇರೆಬೇರೆ ಕಥೆ ಹೇಳುತ್ತವೆ ಎಂದು ವಿವರಿಸಿ, ಕೊನೆಗೆ ಅವೆರಡನ್ನೂ ತಯಾರಿಸುವುದು ಯುನಿಲಿವರ್ ಎಂಬ ಒಂದೇ ಕಂಪನಿ ಎಂದು ನೆನಪಿಸಿದರು. ಅವರ ನಂತರ ಬಂದ ಜಾನ್ ಬೋದ್ರಿಯಾ (1929-2007) ಇನ್ನೂ ಮುಂದೆ ಹೋದರು. ವಸ್ತುವಿಗೆ ಉಪಯೋಗದ ಬೆಲೆ ಇದೆ, ಮಾರಾಟದ ಬೆಲೆ ಇದೆ, ಇವೆರಡರ ಜೊತೆಗೆ ಸಂಕೇತವಾಗಿಯೂ ಒಂದು ಬೆಲೆ ಇದೆ. ಅನುಭೋಗದ ಸಮಾಜದಲ್ಲಿ ಜನ ಕೊಳ್ಳುವುದು ಹೆಚ್ಚಾಗಿ ಈ ಮೂರನೆಯದನ್ನು ಎಂಬುದು ಅವರ ವಾದ.

ಇದನ್ನು ಪರೀಕ್ಷಿಸಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ಯಾವುದೇ ಕಿರಾಣಿ ಅಂಗಡಿಯ ಸಾಬೂನಿನ ಕಪಾಟು ಸಾಕು. ಲೈಫ್‌ಬಾಯ್ ಎಂದರೆ ಕ್ರಿಮಿಗಳಿಂದ ರಕ್ಷಣೆ, ಕೆಂಪು ಬಣ್ಣ. ಲಕ್ಸ್ ಎಂದರೆ ಚಿತ್ರತಾರೆಯರ ಸೌಂದರ್ಯ. ಲಿರಿಲ್ ಎಂದರೆ ನಿಂಬೆ, ಜಲಪಾತ, ತಾಜಾತನ. ಪಿಯರ್ಸ್ ಎಂದರೆ ಪಾರದರ್ಶಕ, ಮೃದು. ಡವ್ ಎಂದರೆ ‘ನಾನು ಸಾಬೂನೇ ಅಲ್ಲ’ ಎಂಬ ನಿಲುವು. ಈ ಐದನ್ನೂ ತಯಾರಿಸುವುದು ಹಿಂದೂಸ್ತಾನ್ ಯುನಿಲಿವರ್ ಎಂಬ ಒಂದೇ ಸಂಸ್ಥೆ. ಒಂದು ಕಂಪನಿ ಐದು ಸಾಬೂನುಗಳನ್ನು ಮಾರುತ್ತಿರುವುದು ಜನರಿಗೆ ಐದು ಬಗೆಯ ಚರ್ಮವಿದೆ ಎಂದಲ್ಲ. ಕಪಾಟಿನಲ್ಲಿ ಐದು ಜಾಗಗಳಿವೆ, ಅವನ್ನು ಬೇರೆಯವರು ಹಿಡಿಯುವ ಮೊದಲು ತಾನೇ ಹಿಡಿದುಕೊಂಡಿದೆ.

ಹಾಗೆಂದು ವಸ್ತುಗಳ ನಡುವಿನ ಅಂತರವೆಲ್ಲ ಕಣ್ಕಟ್ಟು ಎಂದು ಹೇಳಿದರೆ ತಪ್ಪಾಗುತ್ತದೆ. ಬೋದ್ರಿಯಾ ಅವರ ವಾದವನ್ನು ಆ ತುದಿಯವರೆಗೆ ಎಳೆಯುವವರೊಂದಿಗೆ ನನಗೆ ಒಪ್ಪಿಗೆಯಿಲ್ಲ. ಭಾರತೀಯ ಮಾನಕ ಬ್ಯೂರೊ ಸ್ನಾನದ ಸಾಬೂನುಗಳನ್ನು ಒಟ್ಟು ಕೊಬ್ಬಿನಾಂಶದ ಆಧಾರದಲ್ಲಿ ಮೂರು ದರ್ಜೆಗಳಾಗಿ ವಿಂಗಡಿಸಿದೆ: ಮೊದಲ ದರ್ಜೆಗೆ ಕನಿಷ್ಠ ಶೇ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ಇದು ಪ್ರಯೋಗಾಲಯದಲ್ಲಿ ಅಳೆಯಬಹುದಾದ ಅಂತರ. ಆದರೆ ಪೊಟ್ಟಣದ ಮೇಲೆ ಇದನ್ನು ಓದಿ ಸಾಬೂನು ಆರಿಸುವವರು ಎಷ್ಟು ಮಂದಿ? ಅಳೆಯಬಲ್ಲ ಅಂತರ ಪೊಟ್ಟಣದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಉಳಿದಿದೆ. ಕೈ ಯಾವ ಸಾಬೂನಿನ ಕಡೆ ಚಾಚಬೇಕು ಎಂಬುದನ್ನು ಬಣ್ಣ, ಹೆಸರು, ಮುಖಗಳೇ ತೀರ್ಮಾನಿಸುತ್ತಿವೆ.

ಅಂಡಾಕಾರದ ಸಾಬೂನು ತನ್ನ ಜಾಗ ಕಂಡುಕೊಂಡದ್ದು

ಮೈಸೂರು ಸ್ಯಾಂಡಲ್ ಹುಟ್ಟಿದ್ದೇ ಒಂದು ಬಿಕ್ಕಟ್ಟಿನಲ್ಲಿ. ಮೈಸೂರು ಸಂಸ್ಥಾನದ ಶ್ರೀಗಂಧ ಕೊರಡುಗಳ ರೂಪದಲ್ಲಿ ಯುರೋಪಿಗೆ ರಫ್ತಾಗುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ರಾಶಿ ಬಿದ್ದ ಮರದಿಂದ ಇಲ್ಲಿಯೇ ಎಣ್ಣೆ ತೆಗೆಯಬೇಕು, ಎಣ್ಣೆಯಿಂದ ಸಾಬೂನು ಮಾಡಬೇಕು ಎಂದು ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ನಿರ್ಧರಿಸಿದರು. ಸೋಸಲೆ ಗರಳಪುರಿ ಶಾಸ್ತ್ರಿ ಅವರು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ಪರಿಮಳವನ್ನು ಹದಗೊಳಿಸಿದರು.

ಆಗಿನ ಸಾಬೂನುಗಳು ಚೌಕಾಕಾರದಲ್ಲಿದ್ದವು. ಮೈಸೂರಿನ ಸಾಬೂನಿಗೆ ಅಂಡಾಕಾರ ಕೊಟ್ಟರು. ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಡಬ್ಬಿಯಲ್ಲಿ ಇಟ್ಟರು. ಆನೆಯ ತಲೆ, ಸಿಂಹದ ಮೈ ಇರುವ ಶರಭವನ್ನು ಲಾಂಛನ ಮಾಡಿದರು. ‘ಶ್ರೀಗಂಧದ ತವರಿನಿಂದ’ ಎಂದು ಬರೆದರು. ಇವೆಲ್ಲವೂ ಆಮದಾಗುತ್ತಿದ್ದ ವಿಲಾಯತಿ ಸಾಬೂನಿನಿಂದ ಬೇರೆಯಾಗಿ ಕಾಣಲು ಹಾಕಿಕೊಂಡ ಗುರುತುಗಳು. ಪ್ರಚಾರಕ್ಕಾಗಿ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೂ ನಡೆದಿತ್ತು. ಅಂದರೆ ಹೊರಗಿನ ಮಾರುಕಟ್ಟೆಯ ಆಸೆ ಈ ಸಾಬೂನಿಗೆ 2025ರಲ್ಲಿ ಹುಟ್ಟಿದ್ದಲ್ಲ.

ಗಂಧದ ಹಿಂದೆ ಇನ್ನೂ ಹಳೆಯ ಅರ್ಥವೊಂದಿದೆ. ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ್ದರು. ರೈತನ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದೇ ಎಂಬ ವ್ಯವಸ್ಥೆ 2001ರ ತಿದ್ದುಪಡಿಯವರೆಗೆ ಬೇರೆಬೇರೆ ರೂಪಗಳಲ್ಲಿ ಮುಂದುವರಿಯಿತು. ತನ್ನ ಹೊಲದ ಮರವನ್ನೇ ಬೆಳೆದವನು ಮುಟ್ಟುವಂತಿಲ್ಲ ಎಂಬ ಈ ಕಟ್ಟುಪಾಡೇ ಗಂಧಕ್ಕೆ ಅರಮನೆಯ ಘನತೆ ತಂದುಕೊಟ್ಟಿತು. 2006ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಕಾನೂನು ಕೂಡ ಇದಕ್ಕೆ ಮುದ್ರೆ ಒತ್ತಿತು. 2012ರಲ್ಲಿ ಕೆಎಸ್‌ಡಿಎಲ್ ₹720 ಬೆಲೆಯ ‘ಮಿಲೇನಿಯಮ್’ ಸಾಬೂನನ್ನು ಹೊರತಂದದ್ದು ಇದೇ ಘನತೆಯ ಬಲದ ಮೇಲೆ.

ಈ ಘನತೆಯನ್ನು ಕಳ್ಳರೂ ಬಲ್ಲರು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಿಸುತ್ತಿದ್ದ ಜಾಲ ಸಿಕ್ಕಿಬಿತ್ತು. ಸುಮಾರು ₹2 ಕೋಟಿ ಬೆಲೆಯ ಸರಕು ವಶವಾಯಿತು. ಅವರು ಕದ್ದದ್ದು ಗಂಧದೆಣ್ಣೆಯನ್ನಲ್ಲ. ಪೆಟ್ಟಿಗೆ, ಹೆಸರು, ಲಾಂಛನಗಳನ್ನು ಕದ್ದಿದ್ದರು. ಯಾವುದಕ್ಕೆ ಹೆಚ್ಚು ಬೆಲೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸರ್ಕಾರದ ವಾದ

ಸಚಿವ ಪಾಟೀಲರ ಸಮರ್ಥನೆ ಹುರುಳಿಲ್ಲದ್ದಲ್ಲ. ಕರ್ನಾಟಕದಲ್ಲಿ ಮೈಸೂರು ಸ್ಯಾಂಡಲ್ ಹೆಸರು ಎಲ್ಲರಿಗೂ ಗೊತ್ತಿದೆ, ಇಲ್ಲಿ ಪರಿಚಯಿಸಬೇಕಾದ ಅಗತ್ಯವಿಲ್ಲ; ಗುರಿ ಇರುವುದು ಹೊರರಾಜ್ಯಗಳ ಮಾರುಕಟ್ಟೆಯ ಮೇಲೆ ಎಂದು ಅವರು ಹೇಳಿದರು. ವಾರ್ಷಿಕ ವಹಿವಾಟನ್ನು 2028ರ ಹೊತ್ತಿಗೆ ₹5,000 ಕೋಟಿಗೆ ಏರಿಸುವ ಉದ್ದೇಶವನ್ನು ಮುಂದಿಟ್ಟರು. ದೀಪಿಕಾ ಪಡುಕೋಣೆ, ರಶ್ಮಿಕಾ ಮಂದಣ್ಣ, ಪೂಜಾ ಹೆಗ್ಡೆ, ಕಿಯಾರಾ ಅಡ್ವಾಣಿ ಅವರ ಹೆಸರುಗಳೂ ಪರಿಶೀಲನೆಯಲ್ಲಿದ್ದವು; ಸಂಭಾವನೆ, ಲಭ್ಯತೆ, ಬೇರೆ ಸಾಬೂನುಗಳೊಂದಿಗಿನ ಒಪ್ಪಂದ, ಸಾಮಾಜಿಕ ಮಾಧ್ಯಮದಲ್ಲಿನ ಹಿಂಬಾಲಕರ ಸಂಖ್ಯೆ ಎಲ್ಲವನ್ನೂ ತೂಗಿ ನೋಡಲಾಯಿತು ಎಂಬ ವಿವರಣೆಯೂ ಬಂತು. ಕೆಎಸ್‌ಡಿಎಲ್‌ನ ಲಾಭ ಸರ್ಕಾರದ ಬೊಕ್ಕಸಕ್ಕೆ ಬರುತ್ತದೆ. ಮಾರಾಟ ಹೆಚ್ಚಿದರೆ ರಾಜ್ಯಕ್ಕೇ ಅನುಕೂಲ.

ಈ ಲೆಕ್ಕಾಚಾರದ ಅಡಿಯಲ್ಲಿ ಒಂದು ನಂಬಿಕೆ ಅಡಗಿದೆ. ಕರ್ನಾಟಕದೊಳಗೆ ಸಾಬೂನಿಗೆ ಇರುವ ಅರ್ಥ ಈಗಾಗಲೇ ಸಂಪಾದಿಸಿಟ್ಟ ಆಸ್ತಿ, ಅದನ್ನು ಮುಟ್ಟದೆ ಹೊರಗೆ ಹೊಸ ಅರ್ಥವನ್ನು ಸೇರಿಸಬಹುದು ಎಂಬ ನಂಬಿಕೆ. ಅರ್ಥ ಎಂಬುದು ಉಗ್ರಾಣದಲ್ಲಿ ಕೂಡಿಟ್ಟ ಸರಕಾಗಿದ್ದರೆ ಇದು ಸರಿಹೋಗುತ್ತಿತ್ತು. ಪಕ್ಕದಲ್ಲಿರುವುದು ಬದಲಾದರೆ ತಾನೂ ಬದಲಾಗುವ ಸಂಬಂಧ ಅದಾಗಿರುವುದರಿಂದ ಲೆಕ್ಕ ತಪ್ಪಿತು.

ಸೊನ್ನೆಯ ಪಕ್ಕದಲ್ಲಿ ಆರು ಕೋಟಿ

₹6.20 ಕೋಟಿ ಹೆಚ್ಚೋ ಕಡಿಮೆಯೋ? ರಾಷ್ಟ್ರಮಟ್ಟದ ಜಾಹೀರಾತು ಪ್ರಪಂಚದಲ್ಲಿ ಅದು ಬೆರಗುಗೊಳಿಸುವ ಮೊತ್ತವೇನಲ್ಲ. ಆದರೆ ಕರ್ನಾಟಕದ ಓದುಗರು ಅದನ್ನು ಹೋಲಿಸಿದ್ದು ಮುಂಬೈಯ ದರಪಟ್ಟಿಯೊಂದಿಗೆ ಅಲ್ಲ. ಇಲ್ಲಿನ ಸರ್ಕಾರಿ ಮತ್ತು ಸಹಕಾರಿ ಉತ್ಪನ್ನಗಳ ಪ್ರಚಾರಕ್ಕೆ ಬೇರೆಯದೇ ಪರಂಪರೆಯಿದೆ. ಡಾ. ರಾಜ್‌ಕುಮಾರ್ ನಂದಿನಿ ಹಾಲಿನ ಜಾಹೀರಾತಿನಲ್ಲಿ ಸಂಭಾವನೆ ಪಡೆಯದೆ ಕಾಣಿಸಿಕೊಂಡಿದ್ದರು. ಪುನೀತ್ ರಾಜ್‌ಕುಮಾರ್ ಕೂಡ ಅದೇ ದಾರಿಯಲ್ಲಿ ನಡೆದರು. 2023ರಲ್ಲಿ ಶಿವರಾಜ್‌ಕುಮಾರ್ ಆ ಸ್ಥಾನಕ್ಕೆ ಬಂದರು. ಹೊಸ ಮೊತ್ತ ಈ ಸೊನ್ನೆಯ ಪಕ್ಕದಲ್ಲಿ ಬಂದು ನಿಂತಿತು. ತಮನ್ನಾ ಅವರ ಬಗ್ಗೆ ಜನರಿಗೆ ದ್ವೇಷವಿರಲಿಲ್ಲ. ಕನ್ನಡ ಚಿತ್ರಗಳಲ್ಲಿ ಹಾಡಿಗಷ್ಟೇ ಬಂದುಹೋದ ಅವರನ್ನು ಜನ ನೋಡಿದ್ದರು, ಮೆಚ್ಚಿಯೂ ಇದ್ದರು. ನೋವಾದದ್ದು, ‘ನಮ್ಮದು’ ಎಂಬ ಕಾರಣಕ್ಕೆ ಬಿಟ್ಟಿಯಾಗಿ ಸಿಗುತ್ತಿದ್ದ ಪ್ರೀತಿಯನ್ನು ಸರ್ಕಾರವೇ ಸಂಬಳದ ವ್ಯವಹಾರವಾಗಿ ಮಾಡಿತಲ್ಲ ಎಂಬುದಕ್ಕೆ.

ಆದರೆ ವಿರೋಧಿಸಿದವರ ಬೇಡಿಕೆಯಲ್ಲೂ ಒಂದು ದೌರ್ಬಲ್ಯವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕನ್ನಡದ ನಟಿಯನ್ನು ನೇಮಿಸಿದ್ದರೆ ಎಲ್ಲವೂ ಸರಿಯಾಗುತ್ತಿತ್ತೇ? ಚಿತ್ರತಾರೆಯ ಮುಖ ಸಾಬೂನಿನ ಜಗತ್ತಿನಲ್ಲಿ ಖಾಲಿ ಜಾಗವಲ್ಲ. 1941ರಲ್ಲಿ ಲೀಲಾ ಚಿಟ್ನಿಸ್ ಲಕ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡ ದಿನದಿಂದ ಅದು ಲಕ್ಸ್‌ನ ಜಾಗ. ಅವರು ಹುಟ್ಟಿದ್ದು ಧಾರವಾಡದಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಕಳೆದ ಎಂಟು ದಶಕಗಳಲ್ಲಿ ಆ ಸಾಬೂನಿನ ಜೊತೆ ಎಷ್ಟೋ ತಾರೆಯರು ಬಂದುಹೋಗಿದ್ದಾರೆ. ಯಾವ ಭಾಷೆಯ ನಟಿಯೇ ಆಗಲಿ, ಸಾಬೂನು ಹಿಡಿದು ನಗುವ ತಾರೆಯ ಚಿತ್ರ ನೋಡುಗರನ್ನು ಆ ಸಾಲಿಗೇ ಕರೆದೊಯ್ಯುತ್ತದೆ. ಲಖನೌದ ಅಂಗಡಿಯಲ್ಲಿ ಮೈಸೂರು ಸ್ಯಾಂಡಲ್ ಹೆಸರನ್ನೇ ಕೇಳದ ಗ್ರಾಹಕರಿಗೆ ಅದು ತಾರೆಯರ ಸಾಬೂನುಗಳಲ್ಲಿ ಇನ್ನೊಂದಾಗಿ ಕಾಣುತ್ತದೆ. ವಿಲಾಯತಿ ಸಾಬೂನಿನಿಂದ ಬೇರೆಯಾಗಿ ಕಾಣಲೆಂದು ಚೌಕವನ್ನು ಬಿಟ್ಟು ಅಂಡಾಕಾರ ಹಿಡಿದ ಸಾಬೂನು, ನೂರು ವರ್ಷಗಳ ನಂತರ ಪ್ರತಿಸ್ಪರ್ಧಿಯ ಗುರುತನ್ನೇ ದುಡ್ಡು ಕೊಟ್ಟು ತಂದುಕೊಂಡಂತಾಯಿತು. ಭಾಷೆಯ ಪ್ರಶ್ನೆಯನ್ನು ಬದಿಗಿಟ್ಟು ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಈ ಆಯ್ಕೆ ದುರ್ಬಲ ಎಂದೇ ನನ್ನ ಅಭಿಪ್ರಾಯ.

ಗಡಿ ದಾಟಿದಾಗ ‘ನಮ್ಮದು’ ಏನಾಗುತ್ತದೆ?

ಇದೇ ತೊಡಕನ್ನು ಹಾಲಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಬಹುದು. 2023ರ ಏಪ್ರಿಲ್ 5ರಂದು ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವುದಾಗಿ ಪ್ರಕಟಿಸಿತು. ವಿಧಾನಸಭಾ ಚುನಾವಣೆಗೆ ತಿಂಗಳೇ ಉಳಿದಿತ್ತು. ಆಗ ನಂದಿನಿಯ ಟೋನ್ಡ್ ಹಾಲು ಲೀಟರಿಗೆ ₹39, ಅಮುಲ್‌ನದು ₹54. ಬೆಲೆಯಲ್ಲಿ ಸ್ಪರ್ಧೆಯೇ ಇರಲಿಲ್ಲ. ಎರಡೂ ರೈತರ ಸಹಕಾರ ಸಂಘಗಳ ಹಾಲೇ. ಆದರೂ ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸುವುದಾಗಿ ಘೋಷಿಸಿತು. ಅಮುಲ್ ಎದುರು ಬರುವವರೆಗೆ ನಂದಿನಿ ಬಹುಮಟ್ಟಿಗೆ ಬರಿಯ ಹಾಲಾಗಿತ್ತು. ಎದುರಾಳಿ ಬಂದ ದಿನ ಅದು ಕನ್ನಡವಾಯಿತು. 2025ರ ಜೂನ್‌ನಲ್ಲಿ ಬೆಂಗಳೂರು ಮೆಟ್ರೊ ನಿಲ್ದಾಣಗಳಲ್ಲಿ ಅಮುಲ್ ಮಳಿಗೆಗಳಿಗೆ ಅನುಮತಿ ಸಿಕ್ಕಾಗ ಅದೇ ಕಿಚ್ಚು ಮತ್ತೆ ಹೊತ್ತಿತು. ಹತ್ತರಲ್ಲಿ ಎಂಟು ಜಾಗಗಳನ್ನು ನಂದಿನಿಗೆ ಕೊಡುವುದಾಗಿ ಉಪಮುಖ್ಯಮಂತ್ರಿ ಹೇಳಬೇಕಾಯಿತು.

ಈಗ ಗಡಿಯ ಆಚೆ ನೋಡೋಣ. ಅದೇ 2023ರಲ್ಲಿ ನಂದಿನಿ ಕೇರಳದಲ್ಲಿ ಮಳಿಗೆ ತೆರೆದಾಗ ಅಲ್ಲಿನ ಹಾಲು ಸಹಕಾರ ಸಂಸ್ಥೆ ಮಿಲ್ಮಾ ಎತ್ತಿದ ಆಕ್ಷೇಪ, ಅಮುಲ್ ವಿರುದ್ಧ ನಾವು ಎತ್ತಿದ್ದಕ್ಕಿಂತ ಬೇರೆಯಾಗಿರಲಿಲ್ಲ. 2024ರ ನವೆಂಬರ್‌ನಲ್ಲಿ ನಂದಿನಿ ದೆಹಲಿಯ ಮಾರುಕಟ್ಟೆಗೂ ಕಾಲಿಟ್ಟಿತು. ಬೆಂಗಳೂರಿನಲ್ಲಿ ‘ನಮ್ಮದು’ ಆಗಿರುವ ನೀಲಿ ಪೊಟ್ಟಣ ಮಲಪ್ಪುರದಲ್ಲಿ ‘ಹೊರಗಿನವರದು’, ದೆಹಲಿಯಲ್ಲಿ ‘ಹೊಸದು’. ಹಸು ಅದೇ, ಹಾಲು ಅದೇ. ನಂದಿನಿ ಹೊರಗೆ ಹೋಗಲಿ ಎಂದು ಬಯಸುವ ನಾವು, ಹೊರಗಿನವರು ಇಲ್ಲಿಗೆ ಬರಬಾರದು ಎನ್ನಬೇಕಾದರೆ ಅದಕ್ಕೆ ಭಾವನೆಯನ್ನು ಮೀರಿದ ಕಾರಣ ಕೊಡಬೇಕಾಗುತ್ತದೆ. ಅಂಥ ಕಾರಣ ಇಲ್ಲದಿಲ್ಲ. ರಾಜ್ಯದ ಹಾಲು ಉತ್ಪಾದಕರ ಬದುಕು ನಂದಿನಿಯ ಮಾರುಕಟ್ಟೆಗೆ ಕಟ್ಟಿಕೊಂಡಿದೆ. ಆ ಮಾತನ್ನು ಲಾಂಛನದ ಜಗಳಕ್ಕಿಂತ ಮುಂದೆ ಇಡಬೇಕು.

ಎರಡು ಕಪಾಟುಗಳ ನಡುವೆ ಗೋಡೆಯಿಲ್ಲ

ಮೈಸೂರು ಸ್ಯಾಂಡಲ್ ಏಕಕಾಲಕ್ಕೆ ಎರಡು ಕಪಾಟುಗಳಲ್ಲಿ ಕುಳಿತಿದೆ. ಕರ್ನಾಟಕದ ಕಪಾಟಿನಲ್ಲಿ ಅದರ ನೆರೆಹೊರೆ ಮೈಸೂರು ರೇಷ್ಮೆ, ಮೈಸೂರು ಪಾಕ್, ನಂದಿನಿ, ಚನ್ನಪಟ್ಟಣದ ಗೊಂಬೆ. ಬೆಂಗಳೂರಿನ ಮೆಟ್ರೊ ನಿಲ್ದಾಣವೊಂದಕ್ಕೆ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ಹೆಸರಿರುವುದು ಈ ಕಪಾಟಿನ ಕಾರಣಕ್ಕೆ. ದೇಶದ ಮಾರುಕಟ್ಟೆಯ ಕಪಾಟಿನಲ್ಲಿ ಅದರ ನೆರೆಹೊರೆ ಲಕ್ಸ್, ಡವ್, ಮೆಡಿಮಿಕ್ಸ್, ಸಂತೂರ್. ಕೊನೆಯದನ್ನು ಗಮನಿಸಬೇಕು. ಸಂತೂರ್ ಕೂಡ ಗಂಧದ ಹೆಸರಿನಲ್ಲೇ ಮಾರಾಟವಾಗುತ್ತದೆ, ಅದನ್ನು ಮಾರುಕಟ್ಟೆಗೆ ತಂದ ವಿಪ್ರೊ ಬೆಂಗಳೂರಿನದೇ. ಆದರೆ ಅದನ್ನು ಯಾರೂ ಕನ್ನಡದ ಸಾಬೂನು ಎನ್ನುವುದಿಲ್ಲ. ಕಚೇರಿಯ ವಿಳಾಸ ಅರ್ಥವನ್ನು ತರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹಿಂದೆ ಈ ಎರಡು ಕಪಾಟುಗಳನ್ನು ಬೇರೆಬೇರೆ ಇಡಲು ಸಾಧ್ಯವಿತ್ತು. ಹಿಂದಿ ವಾಹಿನಿಯಲ್ಲಿ ಒಂದು ಜಾಹೀರಾತು, ಕನ್ನಡ ಪತ್ರಿಕೆಯಲ್ಲಿ ಇನ್ನೊಂದು. ಒಂದನ್ನು ನೋಡಿದವರು ಇನ್ನೊಂದನ್ನು ನೋಡುತ್ತಿರಲಿಲ್ಲ. ಈಗ ಸರ್ಕಾರಿ ಆದೇಶವೂ ಜಾಹೀರಾತೂ ಅದಕ್ಕೆ ಬಂದ ಬೈಗುಳವೂ ಒಂದೇ ಪರದೆಯ ಮೇಲೆ ಒಂದರ ಕೆಳಗೊಂದು ಬರುತ್ತವೆ. ‘ಇದು ಹೊರರಾಜ್ಯದವರಿಗೆ ಮಾತ್ರ’ ಎಂದು ಸಚಿವರು ಹೇಳಬಹುದು, ಆದರೆ ಹೊರರಾಜ್ಯದವರಿಗೆ ಮಾತ್ರ ಕಾಣುವ ಜಾಹೀರಾತು ಇಂದು ಇಲ್ಲ. ಉತ್ತರದ ಗ್ರಾಹಕರಿಗೆಂದು ಆಡಿದ ಮಾತನ್ನು ಮಂಡ್ಯದ ಗ್ರಾಹಕರೂ ಕೇಳಿಸಿಕೊಳ್ಳುತ್ತಾರೆ, ಅದು ತಮಗೇ ಹೇಳಿದ್ದು ಎಂದು ತಿಳಿದುಕೊಳ್ಳುತ್ತಾರೆ.

ಮುಂದೇನು?

ಒಂದು ಪರಿಣಾಮ ಬಹುತೇಕ ಖಚಿತ. ಇನ್ನು ಮುಂದೆ ರಾಜ್ಯ ಸರ್ಕಾರದ ಯಾವುದೇ ಸಂಸ್ಥೆ ರಾಯಭಾರಿಯನ್ನು ಆರಿಸಿದರೂ ಅದನ್ನು ಭಾಷೆಯ ಬಗೆಗಿನ ನಿಲುವಾಗಿಯೇ ಓದಲಾಗುತ್ತದೆ. ಅಧಿಕಾರಿಗಳು ಜಗಳಕ್ಕೆ ಹೆದರಿ ಪ್ರಚಾರವನ್ನೇ ಕೈಬಿಡುವ ಅಪಾಯವೂ ಇದೆ. ಹಾಗಾದರೆ ನಷ್ಟ ಸಂಸ್ಥೆಗೆ.

ಒಪ್ಪಂದ ಮುಗಿಯುವಾಗ ಕೆಎಸ್‌ಡಿಎಲ್ ರಾಜ್ಯವಾರು ಮಾರಾಟದ ಅಂಕಿಗಳನ್ನು ವಿಧಾನಮಂಡಲದ ಮುಂದಿಡಬೇಕು. ಉತ್ತರದ ರಾಜ್ಯಗಳಲ್ಲಿ ಮಾರಾಟ ಗಣನೀಯವಾಗಿ ಏರಿದ್ದರೆ ಸರ್ಕಾರದ ವಾದಕ್ಕೆ ಬಲ ಬರುತ್ತದೆ, ಅದನ್ನು ವಿರೋಧಿಗಳು ಒಪ್ಪಿಕೊಳ್ಳಬೇಕಾಗುತ್ತದೆ. ಏರಿಕೆ ಹಳೆಯ ಮಾರುಕಟ್ಟೆಗಳಾದ ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲೇ ಆಗಿದ್ದರೆ ತಾರೆಯ ಪ್ರಭಾವ ಎಂದು ಹೇಳಲು ಆಧಾರ ಉಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯನ್ನು ಈ ಗದ್ದಲದಲ್ಲಿ ಯಾರೂ ಸರಿಯಾಗಿ ಕೇಳಲಿಲ್ಲ. 2024-25ರಲ್ಲಿ ಕೆಎಸ್‌ಡಿಎಲ್ ವಹಿವಾಟು ₹1,700 ಕೋಟಿ ದಾಟಿದೆ. ಅದು ₹5,000 ಕೋಟಿಗೆ ಏರಬೇಕಾದರೆ ಗಂಧದೆಣ್ಣೆ ಎಲ್ಲಿಂದ ಬರಬೇಕು? ಶುದ್ಧ ಶ್ರೀಗಂಧದ ಎಣ್ಣೆ ಬಳಸುತ್ತೇವೆ ಎಂಬುದೇ ಸಂತೂರ್‌ನಂಥ ಸಾಬೂನುಗಳಿಂದ ಮೈಸೂರು ಸ್ಯಾಂಡಲ್ ಅನ್ನು ಬೇರ್ಪಡಿಸುವ ಗಟ್ಟಿಯಾದ ಗೆರೆ. ಯಾವ ರಾಯಭಾರಿ ಬಂದರೂ ಹೋದರೂ ಆ ಗೆರೆ ಅಳಿಯುವುದಿಲ್ಲ, ಆದರೆ ಎಣ್ಣೆ ಸಾಲದೆ ಹೋದರೆ ಅಳಿಯುತ್ತದೆ. ಶ್ರೀಗಂಧದ ಮರ ತಿರುಳು ಕಟ್ಟಲು ಹದಿನೈದು ವರ್ಷಕ್ಕಿಂತ ಹೆಚ್ಚು ಬೇಕು. 2001ರ ತಿದ್ದುಪಡಿಯ ನಂತರ ರೈತರು ತಮ್ಮ ಹೊಲಗಳಲ್ಲಿ ಗಂಧ ನೆಟ್ಟಿದ್ದಾರೆ, ಆದರೆ ಕಳ್ಳರ ಕಾಟಕ್ಕೆ ಹೆದರಿ ಬೇಲಿ, ಕಾವಲುಗಾರ, ಕ್ಯಾಮೆರಾಗಳಿಗೆ ಸ್ವಂತ ಹಣ ಸುರಿಯುತ್ತಿದ್ದಾರೆ. ಇತ್ತ ಪಶ್ಚಿಮ ಆಸ್ಟ್ರೇಲಿಯಾದ ಕುನುನುರಾ ಸುತ್ತಮುತ್ತ ಇದೇ ಭಾರತೀಯ ಶ್ರೀಗಂಧದ ತಳಿಯ ವಿಶಾಲ ತೋಟಗಳು ಬೆಳೆದು ನಿಂತಿವೆ. ನಾಳೆ ಆ ಎಣ್ಣೆ ಹಾಕಿದ ಸಾಬೂನು ಅದೇ ಕಪಾಟಿಗೆ ಬಂದರೆ ‘ಶ್ರೀಗಂಧದ ತವರಿನಿಂದ’ ಎಂಬ ಸಾಲು ಯಾವ ಆಧಾರದ ಮೇಲೆ ನಿಲ್ಲಬೇಕು ಎಂಬುದನ್ನು ಕೆಎಸ್‌ಡಿಎಲ್ ಈಗಲೇ ಯೋಚಿಸಬೇಕು. ಪ್ರಚಾರಕ್ಕೆ ಮುಂದಿನ ಸಲ ಎತ್ತಿಡುವ ಕೋಟಿಗಳಲ್ಲಿ ಒಂದು ಪಾಲನ್ನು ಗಂಧ ಬೆಳೆಯುವ ರೈತರ ಕಾವಲಿಗೆ, ಖಚಿತ ಬೆಲೆಗೆ, ಅಳೆದು ತಕ್ಷಣ ಹಣ ಕೊಡುವ ಖರೀದಿ ಕೇಂದ್ರಗಳಿಗೆ ಮೀಸಲಿಡುವುದು ಅದರ ಮೊದಲ ಹೆಜ್ಜೆಯಾಗಬೇಕು.